ನೀರು ಸಪ್ಪೆ ಎಂದು ನಾನು ಹೇಳಿದ್ದು

ಆ ವರ್ಷ ಹೊಳೆಯ ನೀರನ್ನು ಬಾಯಿಗೆ ಹಾಕಿಕೊಂಡು ಊರವರ ಎದುರು ‘ಸಪ್ಪೆ’ ಎಂದು ಹೇಳಿದಾಗ ನನ್ನ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಉಪ್ಪೂ ತಿಳಿಯುತ್ತಿರಲಿಲ್ಲ, ಹುಳಿಯೂ ತಿಳಿಯುತ್ತಿರಲಿಲ್ಲ. ತಿಳಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೇಳಿದೆ. ಆಮೇಲೆ ಹೊಳೆ ಕೆಟ್ಟು, ಗದ್ದೆ ಕೆಟ್ಟು, ಬಾವಿ ಕೆಟ್ಟು, ಇದು ಯಾರ ತಪ್ಪು ಎಂದು ಊರು ಕೇಳಿದಾಗ ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳಿದ್ದು ಗೋವಿಂದನ ಮೇಲೆ ಬಿತ್ತು.

ಮೊದಲನೆಯದನ್ನು ತಪ್ಪು ಅನ್ನಬಹುದೇನೋ. ಎರಡನೆಯದು — ಅದಕ್ಕೆ ಒಂದು ಹೆಸರು ಇದೆ, ಬರೆಯಲು ಕೈ ಬರುತ್ತಿಲ್ಲ. ಸುಳ್ಳುಸಾಕ್ಷಿ. ಬರೆದೆ.

ನಮ್ಮ ಕಡೆಯನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಕುಂದಾಪುರದವರು ಬರದ ಮಾತಾಡಿದರೆ ಹೊರಗಿನವರು ನಗುತ್ತಾರೆ. ಆಷಾಢದಲ್ಲಿ ಅಂಗಳದವರೆಗೆ ಹೊಳೆ ಬರುವ ಊರಿಗೆ ಎಂಥ ಬರ? ಆದರೆ ನಮ್ಮದು ಸಮುದ್ರಕ್ಕೆ ಹತ್ತಿರದ ಹೊಳೆ. ಕೆರಾಡಿಯ ಆಚೆಯ ಕಾಡುಗಳಲ್ಲಿ ಮಳೆ ನಿಂತು, ಮೇಲಿನಿಂದ ಬರುವ ನೀರು ಸೊರಗಿತೆಂದರೆ, ಕೆಳಗಿನಿಂದ ಉಬ್ಬರದ ಜೊತೆ ಉಪ್ಪುನೀರು ಏರಿ ಬರುತ್ತದೆ. ಹೊಳೆ ಕಣ್ಣೆದುರು ದಂಡೆ ತುಂಬಿ ನಿಂತಿರುತ್ತದೆ; ಕುಡಿಯಲಾಗದು, ಗದ್ದೆಗೆ ಬಿಡಲಾಗದು. ನಮ್ಮ ಬರ ತುಂಬಿದ ಹೊಳೆಯ ಬರ.

ಅದಕ್ಕೇ ಕಿಂಡಿ ಅಣೆಕಟ್ಟು. ಹೊಳೆಗೆ ಅಡ್ಡಲಾಗಿ ಸಿಮೆಂಟಿನ ಕಂಬಗಳು, ಅವುಗಳ ನಡುವೆ ಕಿಂಡಿಗಳು. ಮಳೆಗಾಲವಿಡೀ ತೆರೆದಿರುತ್ತವೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಕಿಂಡಿಗಳಿಗೆ ಹಲಗೆ ಇಳಿಸಿ, ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿ ಮುಚ್ಚುತ್ತಾರೆ. ಉಪ್ಪು ಕೆಳಗೆ ಉಳಿಯುತ್ತದೆ, ಸಿಹಿನೀರು ಮೇಲೆ ನಿಲ್ಲುತ್ತದೆ. ಆ ನಿಂತ ನೀರಿನ ಮೇಲೆ ಸುಗ್ಗಿಯ ಭತ್ತ, ಉದ್ದು, ನೆಲಗಡಲೆ, ದಂಡೆಯ ಬಾವಿಗಳು ಎಲ್ಲ.

ಆ ‘ಒಂದು ದಿನ’ ಯಾವುದು ಎಂಬಲ್ಲೇ ಜಗಳ. ಅಣೆಕಟ್ಟಿನ ಮೇಲ್ಭಾಗದ ಬೈಲಿನವರಿಗೆ, ಅಂದರೆ ಗದ್ದೆ ಮಾಡುವವರಿಗೆ, ಆದಷ್ಟು ಬೇಗ ಮುಚ್ಚಬೇಕು. ಹೊಳೆಯಿಂದಲೇ ಬದುಕುವವರಿಗೆ — ಬಲೆ ಹಾಕುವವರಿಗೆ, ಸೊಂಟದುದ್ದ ನೀರಲ್ಲಿ ನಿಂತು ಮಳಿ ಹೆಕ್ಕುವ ಹೆಂಗಸರಿಗೆ — ಆದಷ್ಟು ತಡವಾಗಬೇಕು. ಮಳಿ ಎಂದರೆ ನಮ್ಮಲ್ಲಿ ಚಿಪ್ಪುಮೀನು. ಉಪ್ಪು ಏರಿದರೆ ಅದು ಕೊಬ್ಬುತ್ತದೆ. ಹಲಗೆ ಬಿದ್ದ ಮೇಲೆ ಮೇಲ್ಭಾಗದ ಮಳಿಯೆಲ್ಲ ಸಾಯುತ್ತದೆ. ಅಣೆಕಟ್ಟು ಬರುವ ಮೊದಲು, ಊರವರೇ ಮಣ್ಣಿನ ಕಟ್ಟ ಹಾಕುತ್ತಿದ್ದ ಕಾಲದಲ್ಲಿ, ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಉಪ್ಪು ಏರಲು ಸುರುವಾದ ಮೇಲೆಯೇ ಮುಚ್ಚಬೇಕು — ಅದು ಹೊಳೆಯವರ ಹಕ್ಕು. ಮುಚ್ಚುವ ಹೊತ್ತಿಗೆ ಒಳಗೆ ಉಪ್ಪು ಉಳಿದಿರಬಾರದು — ಅದು ಬೈಲಿನವರ ಹಕ್ಕು. ಇವೆರಡರ ನಡುವಿನ ದಿನವನ್ನು, ಇಳಿತದ ಹೊತ್ತನ್ನು, ಬಾಯಿಗೆ ನೀರು ಹಾಕಿಕೊಂಡು ಹೇಳುವ ಕೆಲಸ ನಮ್ಮ ಮನೆಯದು. ನಮ್ಮ ಮನೆ ಬೈಲು, ಹೊಳೆ ಎರಡರ ಗಡಿಯಲ್ಲಿ ಇದೆ. ಅದೊಂದೇ ಕಾರಣ ಇರಬೇಕು. ಬೇರೆ ಹೆಚ್ಚುಗಾರಿಕೆ ಏನೂ ಇಲ್ಲ.

ನಮ್ಮದು ಅಳಿಯಸಂತಾನದ ಮನೆ. ನನ್ನ ಮಾವ, ಅಂದರೆ ಅಮ್ಮನ ಅಣ್ಣ, ಬದುಕಿದ್ದಷ್ಟು ಕಾಲ ಈ ಕೆಲಸ ಮಾಡಿದರು. ಅವರು ಕಲಿಸಿದ್ದು ನನಗೆ. ಉಪ್ಪುನೀರು ಭಾರ, ಅದು ತಳ ಹಿಡಿಯುತ್ತದೆ, ಮೇಲಿನ ನೀರು ನೋಡಿ ಮೋಸ ಹೋಗಬೇಡ ಎನ್ನುತ್ತಿದ್ದರು. ತಾಮ್ರದ ತಂಬಿಗೆಗೆ ಕಲ್ಲು ಕಟ್ಟಿ, ಬಾಯಿಗೆ ಬಟ್ಟೆಯ ಬಿರಡೆ ಹಾಕಿ, ತಳಕ್ಕೆ ಇಳಿಸಿ, ಆಮೇಲೆ ಬಿರಡೆಯ ದಾರ ಎಳೆಯಬೇಕು. ಬೆಳಗಿನಿಂದ ಏನೂ ತಿಂದಿರಬಾರದು. ಬಾವಿನೀರಿನಲ್ಲಿ ಬಾಯಿ ತೊಳೆದು, ಹೊಳೆಯ ನೀರನ್ನು ನಾಲಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಉಗಿದು, ಮತ್ತೆ ಹಾಕಿಕೊಳ್ಳಬೇಕು. ಉಪ್ಪು ಮೊದಲನೆಯದರಲ್ಲಿ ಅಡಗುತ್ತದೆ, ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ.

ಮಾವ ಹೋದ ಮೇಲೆ ನಾನು ತಂಬಿಗೆ ಹಿಡಿದು ದಂಡೆಗೆ ಬಂದಾಗ ಬೈಲಿನ ಹಿರಿಯರಿಗೆ ಸಮಾಧಾನವಾಗಲಿಲ್ಲ. ಒಬ್ಬರು ನನಗೆ ಕೇಳುವ ಹಾಗೆಯೇ ಹೇಳಿದರು: “ಹೆಂಗಸ್ರ್ ನಾಲ್ಗಿ ಸಾರಿಗಾರೆ ಸಮ. ಹೊಳಿಗೆ ಅಲ್ಲ.” ಸುಮಾರು ಜನ ನಕ್ಕರು. ನನ್ನ ತಮ್ಮ ಮುಂಬಯಿಯ ಹೋಟೆಲಿನಲ್ಲಿದ್ದ. ಅವನನ್ನು ಕರೆಸಿ ಎಂದೂ ಮಾತು ಬಂತು. ಆಗ ನೀರಲ್ಲಿ ನಿಂತಿದ್ದ ಗೋವಿಂದ ತಲೆ ಎತ್ತಿ ಹೇಳಿದ: “ವನಜಕ್ಕ ಹೇಳ್ರೆ ನಾನ್ ಮುಳುಗ್ತೆ. ಬೇರೆಯವ್ರ್ ಹೇಳುದಾರೆ, ಅವ್ರೇ ಮುಳ್ಗಿ ಹಲ್ಗಿ ಕೂರ್ಸ್‌ಲಿ.”

ನಗು ನಿಂತಿತು. ಗೋವಿಂದ ಹೊಳೆಯವರ ಪೈಕಿ. ಅವನ ಅಪ್ಪನ ಕಾಲದಿಂದಲೂ ಅಡಿಹಲಗೆ ಕೂರಿಸುವುದು ಆ ಮನೆಯವರ ಕೆಲಸ. ಮೇಲಿನ ಹಲಗೆಗಳನ್ನು ಯಾರು ಬೇಕಾದರೂ ಇಳಿಸಬಹುದು. ಎಲ್ಲಕ್ಕಿಂತ ಕೆಳಗಿನದು ಹಾಗಲ್ಲ. ಮುಳುಗಿ, ಹಲಗೆ ಕೂರುವ ತೋಡಿನ ಕಲ್ಲು-ಕಸ ಕೈಯಲ್ಲೇ ತೆಗೆದು, ಕಣ್ಣು ಕಾಣದಲ್ಲಿ ಬೆರಳಲ್ಲೇ ನೋಡಿ ಕೂರಿಸಬೇಕು. ಒಂದು ಕಡ್ಡಿ ಸಿಕ್ಕಿಕೊಂಡರೂ ಸಮುದ್ರ ಒಳಗೆ ಬರುತ್ತದೆ. ಹಲಗೆ ಬಿದ್ದರೆ ತನ್ನ ಹೆಂಡತಿ ಶಾರದೆಯ ಮಳಿ ಸಾಯುತ್ತದೆ ಎಂದು ಗೊತ್ತಿದ್ದೂ ಅವನು ವರ್ಷ ವರ್ಷ ಆ ಹಲಗೆಯನ್ನು ನೆಟ್ಟಗೆ ಕೂರಿಸುತ್ತಿದ್ದ. ಕಟ್ಟಳೆ ಎಂದರೆ ಕಟ್ಟಳೆ. ಅವನ ಆ ಒಂದು ಮಾತಿನಿಂದ ನನ್ನ ನಾಲಿಗೆಗೆ ಊರಿನಲ್ಲಿ ಜಾಗ ಸಿಕ್ಕಿತು.

ಇದನ್ನೆಲ್ಲ ಹೇಳದೆ ಮುಂದಿನದನ್ನು ಹೇಳಿದರೆ ನನ್ನ ತಪ್ಪು ಚಿಕ್ಕದಾಗಿ ಕಾಣುತ್ತದೆ.

ಆ ವರ್ಷ ಮಳೆಗಾಲದ ನಡುವೆ ನನಗೂ ತಂಗಿ ಲಲಿತೆಗೂ ಜ್ವರ ಬಂತು. ಕೊರೊನಾ ಮುಗಿಯಿತೆಂದು ಎಲ್ಲರೂ ಮರೆಯುತ್ತಿದ್ದ ಕಾಲ. ಯಾರೂ ಪರೀಕ್ಷೆ ಮಾಡಿಸುತ್ತಿರಲಿಲ್ಲ, ಜ್ವರಕ್ಕೆ ಹೆಸರಿಡುತ್ತಿರಲಿಲ್ಲ. ಇಬ್ಬರಿಗೂ ವಾಸನೆ ಹೋಯಿತು, ರುಚಿ ಹೋಯಿತು. ಲಲಿತೆಗೆ ಚೌತಿಯ ಹೊತ್ತಿಗೆ ತಿರುಗಿ ಬಂತು. ನನಗೆ ಬರಲಿಲ್ಲ. ಗಂಜಿ ಬೆಚ್ಚಗಿದೆ ಎಂದು ತಿಳಿಯುತ್ತಿತ್ತು, ಉಪ್ಪಿನಕಾಯಿ ಒರಟಾಗಿದೆ ಎಂದು ತಿಳಿಯುತ್ತಿತ್ತು, ಅಷ್ಟೇ. ಒಂದು ದಿನ ಲಲಿತೆ ಊಟದ ನಡುವೆ ಎದ್ದು ಹೋಗಿ ನೀರು ಕುಡಿದು ಬಂದು, ಸಾರಿಗೆ ಎಷ್ಟು ಸಲ ಉಪ್ಪು ಹಾಕಿದೆ ಎಂದು ಕೇಳಿದಳು. ಮರೆತು ಎರಡು ಸಲ ಹಾಕಿರಬೇಕು ಎಂದೆ. ಆಮೇಲೆ ಅಡಿಗೆಯನ್ನು ಅವಳಿಗೇ ಬಿಟ್ಟೆ. ಮೊದಲ ಸುಳ್ಳು ಅಷ್ಟು ಸಣ್ಣದಾಗಿತ್ತು.

ಯಾಕೆ ಹೇಳಲಿಲ್ಲ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಲಗೆ ಹಾಕುವಷ್ಟರಲ್ಲಿ ರುಚಿ ಬಂದೀತು ಎಂದು ಕಾದೆ — ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಹೆಂಗಸಿನ ನಾಲಿಗೆ ಸಾರಿಗೆ ಸಮ ಎಂದವರು ಇನ್ನೂ ಬದುಕಿದ್ದರು. ಈಗ ಸಾರಿಗೂ ಸಮವಲ್ಲ ಎಂದು ನಾನೇ ಹೋಗಿ ಹೇಳಬೇಕಿತ್ತು. ವರ್ಷಕ್ಕೊಮ್ಮೆ ಊರೆಲ್ಲ ನನ್ನ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿತ್ತಲ್ಲ, ಆ ಹೊತ್ತು ನನಗೆ ಬೇಕಾಗಿತ್ತು.

ಹಿಂಗಾರು ಕೈಕೊಟ್ಟಿತು. ನವರಾತ್ರಿಯ ನಂತರ ಒಂದು ಹನಿ ಬೀಳಲಿಲ್ಲ. ಮೇಲಿನ ನೀರಿಗೆ ತಳ್ಳುವ ಬಲವೇ ಇರಲಿಲ್ಲ. ಉಪ್ಪು ಎಂದಿಗಿಂತ ಮೊದಲೇ ಏರತೊಡಗಿತು. ಬೈಲಿನವರು ಪ್ರತಿ ದಿನ ಮನೆಗೆ ಬಂದು ವನಜಕ್ಕ, ಇವತ್ತಾ, ನಾಳೆಯಾ ಎಂದು ಕೇಳುತ್ತಿದ್ದರು. ಅವರ ನೇಜಿ, ನಾಟಿಯ ಭತ್ತದ ಸಸಿ, ಬಲಿತು ಕಾದಿತ್ತು. ಅವರ ಹೆದರಿಕೆ ಸುಳ್ಳಲ್ಲ. ಅದನ್ನೂ ಇಲ್ಲಿ ಬರೆಯಬೇಕು. ಕೊನೆಗೆ ಒಂದು ಬೆಳಿಗ್ಗೆ ಇಳಿತದ ಹೊತ್ತು ಗೊತ್ತುಮಾಡಿದೆವು.

ಬಿಸಿಲು ಏರುತ್ತಿತ್ತು. ಎರಡೂ ಪಂಗಡದವರು ಅಣೆಕಟ್ಟಿನ ಮೇಲೆ ಸೇರಿದ್ದರು. ಬೈಲಿನವರು ಒಂದು ಬದಿಗೆ, ಹೊಳೆಯವರು ಒಂದು ಬದಿಗೆ, ಎಂದಿನ ಹಾಗೆ. ನೀರಿನ ಸಮಿತಿಯ ಮುಂದಾಳು ಆನಂದಣ್ಣ, ಬೈಲಿನ ದೊಡ್ಡ ಗದ್ದೆಯವರು, ನನ್ನ ಪಕ್ಕ ನಿಂತು, “ಹ್ವಾಯ್ ವನಜ, ಉಪ್ಪ್ ಖಾರ ಸಮ ಇತ್ತಾ? ಬಡ್ಸುಕ್ ಅಕ್ಕಾ?” ಎಂದು ತಮಾಷೆ ಮಾಡಿದರು. ಬಡಿಸಬಹುದೇ ಎಂಬುದು ಅವರ ಪ್ರತಿ ವರ್ಷದ ತಮಾಷೆ. ನಾನು ತಂಬಿಗೆ ಮೇಲೆಳೆದು ನೀರು ಬಾಯಿಗೆ ಹಾಕಿಕೊಂಡೆ.

ತಣ್ಣಗಿತ್ತು. ಬೇರೇನೂ ಇರಲಿಲ್ಲ.

ನಾನು ಆ ಹೊತ್ತನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ನೀರು ಉಪ್ಪಾಗಿದೆ ಎಂದು ಗೊತ್ತಿದ್ದೂ ಸಪ್ಪೆ ಎಂದೆನೇ? ಇಲ್ಲ. ನೀರು ಹೇಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಸಿಹಿನೀರಿಗೆ ರುಚಿ ಇರುವುದಿಲ್ಲ. ಅದರ ಗುರುತೇ ಅದು. ನನಗೆ ಆಗ ಯಾವುದಕ್ಕೂ ರುಚಿ ಇರಲಿಲ್ಲ. ಉಗಿದೆ, ಮತ್ತೆ ಹಾಕಿಕೊಂಡೆ. ಏನೂ ಇಲ್ಲ, ಆದ್ದರಿಂದ ಸಪ್ಪೆಯೇ — ಎಂದು ನನಗೆ ನಾನೇ ಹೇಳಿಕೊಳ್ಳುವುದು ಅಷ್ಟು ಸುಲಭವಾಯಿತು.

“ಸಪ್ಪೆ” ಎಂದೆ. “ಹಾಕಿ” ಎಂದೆ.

ಗೋವಿಂದ ಮುಳುಗಿದ. ಒಂದು ಕಿಂಡಿ ಆಯಿತು, ಇನ್ನೊಂದಾಯಿತು. ನಡುವಿನ ಕಿಂಡಿಯ ಅಡಿಹಲಗೆ ಕೂರಿಸಿ ಮೇಲೆ ಬಂದವನು ನನ್ನ ಕಾಲಬುಡದ ಕಂಬ ಹಿಡಿದು ಮುಖ ಒರೆಸಿಕೊಂಡ. ಕಣ್ಣು ಕೆಂಪಾಗಿತ್ತು. ಬೇರೆಯವರಿಗೆ ಕೇಳದ ಹಾಗೆ, ನನಗೊಬ್ಬಳಿಗೇ ಹೇಳಿದ:

“ಅಕ್ಕ, ಅಡಿಯಂಗೆ ಕಣ್ಣ್ ಉರೀತ್. ಇನ್ನೊಂದ್ ಸಲ ಬಾಯಿಗ್ ಹಾಯ್ಕಂಡ್ ಕಾಣಿ.”

ಹೊಳೆಯಲ್ಲೂ ಸಮುದ್ರದಲ್ಲೂ ಹುಟ್ಟಿದಾಗಿನಿಂದ ಕಣ್ಣು ಬಿಟ್ಟವನು ಅವನು. ಯಾವ ನೀರು ಹೇಗೆ ಉರಿಯುತ್ತದೆ ಎಂದು ಅವನಿಗೆ ಗೊತ್ತು. ಆಗಲೂ ನನಗೆ ದಾರಿ ಇತ್ತು. ‘ಗೋವಿಂದ, ನನಗೆ ರುಚಿ ತಿಳಿಯುತ್ತಿಲ್ಲ ಮಾರಾಯ, ನೀನೇ ಹಾಕಿಕೊಂಡು ನೋಡು’ — ಇಷ್ಟು ಸಾಕಿತ್ತು. ಅವನು ಯಾರಿಗೂ ಹೇಳದೆ, ದೊಡ್ಡ ಇಳಿತಕ್ಕೆ ಇನ್ನೂ ನಾಲ್ಕು ದಿನ ಕಾಯುವ ಎಂದು ತಾನೇ ಏನೋ ನೆಪ ಹೇಳುತ್ತಿದ್ದ. ನನ್ನ ಮಾನ ಉಳಿಸುತ್ತಿದ್ದ.

“ಕೆಸರ್ ತಾಗಿದ್ದ್ ಮಾರಾಯ ಕಣ್ಣಿಗೆ” ಎಂದೆ.

ಅವನು ನಕ್ಕ. “ನಿಮ್ ನಾಲ್ಗಿ ಎದ್ರ್ ನನ್ ಕಣ್ಣ್ ಎಂತ” ಎಂದು ಮತ್ತೆ ಮುಳುಗಿದ.

ಉಪ್ಪು ಹೊರಗೆ ಹೋಗಲಿಲ್ಲ. ನಾವು ಅದನ್ನು ಒಳಗೇ ಹಾಕಿ ಬಾಗಿಲು ಮುಚ್ಚಿದ್ದೆವು. ತಳದಲ್ಲಿ ಅದು ಅಲುಗದೆ ಕೂತಿತ್ತು. ಬೈಲಿನ ಪಂಪುಗಳ ಪೈಪು ಇರುವುದೂ ತಳದಲ್ಲೇ. ಮೊದಲು ಗೊತ್ತಾದದ್ದು ಆನಂದಣ್ಣನ ಹಾಲು ಕರೆಯುವ ಹಸುವಿನಿಂದ. ಪಂಪಿನ ನೀರು ತುಂಬಿದ ಕಲ್ಲುಬಾನಿಗೆ ಮೂತಿ ಇಟ್ಟು ಹಿಂದೆ ಸರಿಯಿತಂತೆ. ಆಮೇಲೆ ನೇಜಿಯ ತುದಿಗಳು ಕೆಂಪಾದವು. ದೂರದಿಂದ ನೋಡಿದರೆ ಹಣ್ಣಾದ ಭತ್ತದಂತೆ ಕಾಣುತ್ತಿತ್ತು, ತೆನೆಯೇ ಬಂದಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ದಂಡೆಯ ಬಾವಿಗಳು ಕೆಟ್ಟವು. ಆ ಬೇಸಿಗೆಯಲ್ಲಿ ಹೆಂಗಸರು ಟ್ಯಾಂಕರಿನ ಎದುರು ಕೊಡ ಇಟ್ಟು ಬೈದಾಡಿಕೊಂಡರು. ಜನ್ಮಕ್ಕೆ ಮಾತು ಬಿಟ್ಟವರೂ ಇದ್ದಾರೆ.

ಮೊದಮೊದಲು, ಮೇಲಿನಿಂದ ಸ್ವಲ್ಪವಾದರೂ ನೀರು ಬರುತ್ತಿದ್ದಾಗ, ನಾನು ಬಾಯಿ ಬಿಟ್ಟಿದ್ದರೆ ಇಳಿತದಲ್ಲಿ ಹಲಗೆ ಎತ್ತಿ ಉಪ್ಪನ್ನು ಹರಿಯಬಿಟ್ಟು ಮತ್ತೆ ಮುಚ್ಚಬಹುದಿತ್ತು. ಬೆಳೆ ಉಳಿಯುತ್ತಿತ್ತು. ಸುಮ್ಮನಿದ್ದೆ. ಹೊಳೆ ಪೂರ್ತಿ ನಿಂತ ಮೇಲೆ ಎತ್ತಿದರೆ ತುಂಬಲು ನೀರೇ ಇರಲಿಲ್ಲ.

ಉಪ್ಪು ಹೇಗೆ ಬಂತು ಎಂದು ಹುಡುಕುವಾಗ ಯಾರೋ ಇಳಿತದಲ್ಲಿ ಹೋಗಿ ನೋಡಿ ಬಂದರು. ನಡುವಿನ ಕಿಂಡಿಯ ಬುಡದಲ್ಲಿ ನೀರು ಜಿನುಗುತ್ತದೆ ಎಂದರು. ಪ್ರತಿ ವರ್ಷ ಜಿನುಗುತ್ತದೆ, ಮರದ ಹಲಗೆಗೆ ಸಂದು ಇದ್ದೇ ಇರುತ್ತದೆ. ಆದರೆ ಆ ವರ್ಷ ಅದು ಕಣ್ಣಿಗೆ ಬಿತ್ತು. ಅಡಿಹಲಗೆ ಕೂರಿಸಿದ್ದು ಯಾರು? ಅವನ ಹೆಂಡತಿ ಏನು ಹೆಕ್ಕಿ ಮಾರುತ್ತಾಳೆ? ಒಂದಕ್ಕೊಂದು ಸೇರಿಸಲು ಹೊತ್ತು ಬೇಕಾಗಲಿಲ್ಲ.

ಭಜನಾಮಂದಿರದ ಜಗಲಿಯಲ್ಲಿ ಪಂಚಾಯ್ತಿಕೆ ಸೇರಿತು. ಹಗಲು ಹೊತ್ತು, ಬಿಸಿಲಿನ ಝಳಕ್ಕೆ ಎಲ್ಲರ ಮುಖವೂ ಬಾಡಿತ್ತು. ಕೂಗಾಟ ಹೆಚ್ಚೇನೂ ಇರಲಿಲ್ಲ, ಜನ ದಣಿದಿದ್ದರು. ಗೋವಿಂದ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದ. ತಾನು ಹಲಗೆ ಸಮ ಕೂರಿಸಿದ್ದೇನೆ, ಉಪ್ಪು ಮೊದಲೇ ಒಳಗಿದ್ದಿರಬೇಕು ಎಂದ. ಕಣ್ಣು ಉರಿದದ್ದನ್ನು, ಅದನ್ನು ನನಗೆ ಹೇಳಿದ್ದನ್ನು ಹೇಳಲಿಲ್ಲ. ನನ್ನ ಕಡೆ ನೋಡಿದ, ಅಷ್ಟೇ. ಅದನ್ನು ಹೇಳುವುದು ನನಗೆ ಬಿಟ್ಟದ್ದು ಎಂದು ಅವನು ತಿಳಿದಿದ್ದ.

ಆನಂದಣ್ಣ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ವನಜ, ನೀನೇ ಹೇಳ್. ಹಲ್ಗಿ ಹಾಕುವತಿಗೆ ನೀರ್ ಹ್ಯಾಂಗಿದ್ದಿತ್?”

ಒಂದು ಮಾತು. ಅದರ ಮೇಲೆ ಎಲ್ಲ ನಿಂತಿತ್ತು. ನೀರು ಆಗ ಸಪ್ಪೆ ಇದ್ದರೆ ಉಪ್ಪು ಬಂದದ್ದು ಹಲಗೆಯ ಬುಡದಿಂದ. ಸಪ್ಪೆ ಇರಲಿಲ್ಲವಾದರೆ ಬಂದದ್ದು ನನ್ನಿಂದ. ಇದು ನನಗೆ ಅರ್ಥವಾಗದೆ ಹೋಗಲಿಲ್ಲ. ಹೆದರಿಕೆಯಲ್ಲಿ ಬಾಯಿತಪ್ಪಿ ಬಂತು ಎನ್ನಲು ಬರುವುದಿಲ್ಲ. ಯೋಚಿಸಲು ಬೇಕಾದಷ್ಟು ಹೊತ್ತು ಅವರು ಕಾದರು.

“ಸಪ್ಪೆ ಇದ್ದಿತ್” ಎಂದೆ.

ಆಗ ಗೋವಿಂದನ ಮುಖದಲ್ಲಿ ಆದದ್ದನ್ನು ಹೇಳಬೇಕು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಅವನು ತನ್ನ ಕೈಗಳನ್ನು ನೋಡಿಕೊಂಡ. ನನ್ನ ಮಾತನ್ನು ಅವನು ನಂಬಿದ್ದ — ಊರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ನಾನು ಎರಡನೆಯ ಸಲವೂ, ಇಷ್ಟು ಜನರ ಎದುರು ಹೇಳಿದ್ದೇನೆಂದರೆ ತಪ್ಪಿದ್ದು ತನ್ನ ಕೈಯೇ ಇರಬೇಕು ಎಂದುಕೊಂಡ. ಬೇಕೆಂದೇ ಮಾಡಿಲ್ಲ ಎಂದು ದೈವದ ಎದುರು ಆಣೆ ಹಾಕುತ್ತೀಯಾ ಎಂದು ಕೇಳಿದರು. ಅವನು ನಿಧಾನವಾಗಿ ಹೇಳಿದ:

“ಬೇಕಂತ ಮಾಡ್ಲಿಲ್ಲೆ ಅಂತ ಎಲ್ಲಿ ಬೇಕಾರೂ ಆಣೆ ಹಾಕ್ತೆ. ಕೈ ತಪ್ಲಿಲ್ಲೆ ಅಂತ ಹ್ಯಾಂಗ್ ಹಾಕ್ಲಿ? ವನಜಕ್ಕ ಸಪ್ಪೆ ಅಂದಿರಲೆ.”

ಊರಿಗೆ ಅಷ್ಟೇ ಬೇಕಾಗಿತ್ತು. ಒಪ್ಪಿಕೊಂಡ ಎಂದರು.

ಅಲ್ಲಿಂದ ಆದದ್ದು ದೊಡ್ಡ ಸದ್ದಿಲ್ಲದೆ ಆಯಿತು. ಗೋವಿಂದನನ್ನು ಹಲಗೆಗೆ ಕರೆಯುವುದು ನಿಂತಿತು, ಗುತ್ತಿಗೆಯವರು ಬಂದರು. ಹೊಳೆಯವರನ್ನು ನಂಬಲಾಗದು ಎಂದು ಮುಚ್ಚುವ ದಿನವನ್ನು ಬೈಲಿನವರೇ ಗೊತ್ತುಮಾಡತೊಡಗಿದರು. ಉಪ್ಪು ಏರುವವರೆಗೆ ಕಾಯುವ ಆ ಹಳೆಯ ಹಕ್ಕು ಹೋಯಿತು. ಮಳಿ ಹೆಕ್ಕುವ ಹೆಂಗಸರು ಬುಟ್ಟಿ ಹೊತ್ತು ಗದ್ದೆಯ ಅಂಚಿನ ಮೇಲೆ ರಸ್ತೆಗೆ ಹೋಗುತ್ತಿದ್ದರು. ಅಲ್ಲಿ ಬೇಲಿ ಬಂತು. ಶಾರದೆ ಈಗ ಸುತ್ತು ಬಳಸಿ ಹೋಗುತ್ತಾಳೆ. ಮರುವರ್ಷ ಉಪ್ಪು ಅಳೆಯಲು ಒಂದು ಯಂತ್ರವೂ ಬಂತು. ನನ್ನನ್ನು ಯಾರೂ ಕರೆಯಲಿಲ್ಲ. ಯಾವುದನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿದ್ದೆನೋ ಅದೂ ಉಳಿಯಲಿಲ್ಲ. ಇದರಲ್ಲಿ ನ್ಯಾಯ ಸಿಕ್ಕಿತು ಎಂದು ಒಮ್ಮೊಮ್ಮೆ ಅನಿಸಿತ್ತು. ಆದರೆ ನಾನು ಕಳಕೊಂಡದ್ದರಿಂದ ಗೋವಿಂದನಿಗೆ ಏನು ಸಿಕ್ಕಿತು?

ರುಚಿ ಯಾವಾಗ ತಿರುಗಿ ಬಂತೆಂದು ಸರಿಯಾಗಿ ಹೇಳಲಾರೆ. ಮೆಲ್ಲಗೆ ಬಂತು, ಮರುವರ್ಷದ ಮಳೆಯಲ್ಲಿ. ಲಲಿತೆಗೂ ಹೇಳಲಿಲ್ಲ.

ಎಷ್ಟು ವರ್ಷ ಬೇಕಾದರೂ ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಈ ಬಾರಿ ಮಳೆಗಾಲ ಮುಗಿಯುತ್ತ ಬಂದಾಗ ಒಂದು ಸಂಜೆ ಹಟ್ಟಿಯಂಗಡಿಗೆ ಹೋದವಳು ಹೊಳೆಯ ದಾರಿಯಲ್ಲಿ ಬರುತ್ತಿದ್ದೆ. ಗೋವಿಂದ ದೋಣಿ ಕಟ್ಟುತ್ತಿದ್ದ. ಗೂಟಕ್ಕೆ ಹಗ್ಗ ಬಿಗಿದ, ಎಳೆದು ನೋಡಿದ, ಹೊರಟ. ತೆಂಗಿನ ಬುಡದವರೆಗೆ ಬಂದು ನಿಂತು, ತಿರುಗಿ ಹೋಗಿ ಮತ್ತೆ ಎಳೆದು ನೋಡಿದ. ಹೊರಟ. ಮತ್ತೆ ಹೋದ, ಈ ಸಲ ಗಂಟನ್ನೇ ಬಿಚ್ಚಿ ಹೊಸದಾಗಿ ಹಾಕಿದ. ನನ್ನನ್ನು ಕಂಡು ನಾಚಿಕೆಯಿಂದ ನಕ್ಕ. ಏನು ಗೋವಿಂದ ಎಂದೆ. “ಎಂತ ಇಲ್ಲೆ ಅಕ್ಕ, ಕೈ ಮೇಲೆ ನಂಬ್ಕಿ ಬತ್ತಿಲ್ಲೆ” ಎಂದ. ಇವತ್ತು ಸೆಕೆ ಎನ್ನುವಷ್ಟು ಸಹಜವಾಗಿ. ಅವತ್ತು ಆ ಅಡಿಹಲಗೆಗೆ ಏನು ಸಿಕ್ಕಿಕೊಂಡಿತ್ತು ಎಂದು ಈಗಲೂ ಯೋಚನೆ ಬರುತ್ತದಂತೆ. ಕಡ್ಡಿಯೋ, ಕಲ್ಲೋ. ಬೆರಳಿಗೆ ಹೇಗೆ ತಿಳಿಯದೆ ಹೋಯಿತು?

ನಾನು ಏನೂ ಹೇಳದೆ ಮನೆಗೆ ಬಂದೆ. ಆ ಸಂಜೆಯೂ.

ಅವನ ಹೆಸರು ಕೆಡಿಸಿದ್ದು ನನಗೆ ಗೊತ್ತಿತ್ತು. ಅವನ ಕೈಗಳನ್ನು ಅವನಿಂದ ಕಿತ್ತುಕೊಂಡಿದ್ದೇನೆ ಎಂದು ಗೊತ್ತಿರಲಿಲ್ಲ.

ಕಳೆದ ವಾರ ಅವರ ಮನೆಗೆ ಹೋದೆ. ಮಧ್ಯಾಹ್ನ. ಶಾರದೆ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಗೋವಿಂದ ಜಗಲಿಯಲ್ಲಿ ಬಲೆ ಇಟ್ಟುಕೊಂಡು ಕೂತಿದ್ದ. ಕುರ್ಚಿ ತರಲು ಎದ್ದ. ಬೇಡ ಎಂದು ನಿಂತೇ ಹೇಳಿದೆ. ಜ್ವರದಿಂದ ಹಿಡಿದು ಎಲ್ಲ. ಎಲ್ಲೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ನೆಪ ಹುಡುಕುತ್ತಿದ್ದೆ. ಅವನು ಕಣ್ಣು ಉರಿಯುತ್ತದೆ ಎಂದದ್ದು, ನಾನು ಕೆಸರು ಎಂದದ್ದು. ಭಜನಾಮಂದಿರದ ಜಗಲಿಯಲ್ಲಿ ಮತ್ತೆ ಸಪ್ಪೆ ಅಂದದ್ದು.

ಗೋವಿಂದ ಬಲೆಯ ಕಣ್ಣೊಂದರಲ್ಲಿ ಬೆರಳು ಸಿಕ್ಕಿಸಿಕೊಂಡು ಕೂತಿದ್ದ. ಬೈಯಲಿ ಎಂದು ಕಾದೆ. ಯಾಕೆ ಹೀಗೆ ಮಾಡಿದಿರಿ ಎಂದಾದರೂ ಕೇಳಲಿ ಎಂದು. ಅವನು ಕೇಳಿದ್ದು ಒಂದೇ:

“ಹಾಂಗಾರೆ ಹಲ್ಗಿ ಸಮ ಕೂಕಂಡಿದ್ದಿತಾ?”

“ಸಮ ಕೂಕಂಡಿದ್ದಿತ್” ಎಂದೆ.

ಅವನು ಎದ್ದು ಮನೆಯ ಹಿಂದಕ್ಕೆ ಹೋದ. ಬಾವಿಕಟ್ಟೆಯ ಬದಿಯಿಂದ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಅವನು ತಿರುಗಿ ಬರುವವರೆಗೆ ಕಾಯಬೇಕೋ ಹೊರಡಬೇಕೋ ತಿಳಿಯಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಶಾರದೆ ಕೈ ಒರೆಸಿಕೊಂಡು ಎದ್ದಳು. ಅವಳು ಯಾವತ್ತೂ ನನ್ನೆದುರು ದನಿ ಏರಿಸಿದವಳಲ್ಲ, ಅವತ್ತೂ ಏರಿಸಲಿಲ್ಲ.

“ಇಲ್ ಹೇಳಿ ನಿಮ್ಗೆ ಹಗೂರ ಆಯ್ತ್, ಅಮ್ಮ. ನಮ್ಗೆ ಎಂತ ಆಯ್ತ್? ಎಲ್ಲಿ ಸಪ್ಪೆ ಅಂದ್ರಿಯೋ ಅಲ್ಲೇ ಹೋಯಿ ಹೇಳಿ.”

ನನ್ನನ್ನು ಯಾವಾಗಲೂ ಅಕ್ಕ ಎನ್ನುತ್ತಿದ್ದವಳು ಅಮ್ಮ ಎಂದಳು. ನಾನು ದೂರದವಳಾದೆ. ಆಗಬೇಕಾದದ್ದೇ.

ಈ ವರ್ಷವೂ ಹಿಂಗಾರು ಸರಿಯಿಲ್ಲ. ಬರುವ ಭಾನುವಾರ ಭಜನಾಮಂದಿರದಲ್ಲಿ ಹಲಗೆಯ ಸಭೆ, ದಿನ ಗೊತ್ತುಮಾಡುತ್ತಾರೆ. ನನಗೆ ಕರೆ ಇಲ್ಲ. ಹೊಳೆಯವರಿಗೂ ಇಲ್ಲ. ನಿನ್ನೆ ಲಲಿತೆಗೆ ಎಲ್ಲ ಹೇಳಿದೆ. ಅವಳು ಅತ್ತಳು, ಆಮೇಲೆ ಅಲ್ಲಿ ಹೋಗಿ ಹೇಳಿದರೆ ಬೈಲಿನವರು ನಮ್ಮ ಅಂಗಳ ತುಳಿಯುವುದಿಲ್ಲ ಅಕ್ಕ ಎಂದಳು. ನಿಜ. ಹಾಳಾದದ್ದು ಅವರ ಬೆಳೆ, ಅವರ ಬಾವಿ. ಆನಂದಣ್ಣನ ಮನೆಯ ಬಾವಿ ಇನ್ನೂ ಪೂರ್ತಿ ಸರಿಯಾಗಿಲ್ಲ. ಅವರು ಏನು ಹೇಳಿದರೂ ಕೇಳಿಕೊಳ್ಳಬೇಕು.

ಬೇಲಿ ಬಿಚ್ಚುತ್ತಾರೋ, ಹಳೆಯ ಕಟ್ಟಳೆ ತಿರುಗಿ ಬರುತ್ತದೋ ಗೊತ್ತಿಲ್ಲ. ಗೋವಿಂದ ಬರುತ್ತಾನೋ ಅದೂ ಗೊತ್ತಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಸಭೆಯಲ್ಲಿ ನಾನು ಮತ್ತೆ ಒಳ್ಳೆಯ ಮಾತು ಹುಡುಕತೊಡಗಿದರೆ — ಅದಕ್ಕೇ ಇಲ್ಲಿ ಬರೆದಿದ್ದೇನೆ, ಹಿಂದೆ ಸರಿಯಲು ಜಾಗ ಇರಬಾರದು ಎಂದು. ಹೇಳಬೇಕಾದದ್ದು ಉದ್ದವೇನಿಲ್ಲ. ಎರಡು ದಿನದಿಂದ ಒಬ್ಬಳೇ ಹೇಳಿಕೊಂಡು ನೋಡುತ್ತಿದ್ದೇನೆ:

‘ಗೋವಿಂದನ ಕೈ ತಪ್ಲಿಲ್ಲೆ. ಅವ ನಂಗೆ ಹೇಳಿದ್ದ, ನಾನ್ ಕೇಳ್ಲಿಲ್ಲೆ. ನೀರ್ ಹ್ಯಾಂಗಿದ್ದಿತ್ ಅಂತ ನಂಗೆ ಗೊತ್ತಿರ್ಲಿಲ್ಲೆ. ಗೊತ್ತಿಲ್ಲೆ ಅಂತ ಹೇಳ್ಲಿಲ್ಲೆ.’